ಕೋಳಿ ಸಾರಿಗೆ ಗವಲಿ, ಮೇಲೆ ಲಿಂಬೆ ಹುಳಿ

ನಮ್ಮ ಯಾವಗಲ್ ಸೀಮೆಯಲ್ಲಿ ಗವಲಿ ಎಂದರೆ ಮದುವೆ ಪಾಯಸ, ಕುಬಸದ ಪಾಯಸ. ಬೇಸಿಗೆಯಲ್ಲಿ ಶ್ಯಾವಿಗೆ ಮಣೆ ಅಟ್ಟದಿಂದ ಇಳಿಯುವ ಹೊತ್ತಿಗೇ ಗವಲಿ ಹೊಸೆಯುವ ಕೆಲಸವೂ ಶುರುವಾಗುತ್ತದೆ. ನಾದಿ ನಾದಿ ಮೆತ್ತಗೆ ಮಾಡಿದ ಗೋಧಿ ಕಣಕವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳು ತೋರುಬೆರಳ ನಡುವೆ ಒಂದು ಎಳೆ ತೀಡಿ, ಚಿವುಟಿ ಮೊರದ ಮೇಲೆ ಉದುರಿಸುತ್ತ ಹೋಗಬೇಕು. ಓಣಿಯ ಹೆಂಗಸರು ನಾಲ್ಕೈದು ಮಂದಿ ಕೂತು ಮಧ್ಯಾಹ್ನವಿಡೀ ಹೊಸೆದರೂ ಡಬ್ಬಿಯ ತಳ ಮುಚ್ಚುವಷ್ಟೇ ಆಗುತ್ತದೆ. ಅಷ್ಟು ಕಷ್ಟದ್ದು ಎಂಬ ಕಾರಣಕ್ಕೇ ಅದಕ್ಕೆ ಬೆಲ್ಲ, ತುಪ್ಪ, ಹಾಲಿನ ಮರ್ಯಾದೆ.

ಅದನ್ನು ಕೋಳಿ ಸಾರಿಗೆ ಹಾಕಿದ್ದು ಅವ್ವನಿಗೆ ಜ್ವರ ಬಂದ ಮಳೆಗಾಲದಲ್ಲಿ. ಜ್ವರ ಬಿಟ್ಟರೂ ಕೀಲುನೋವು ಬಿಟ್ಟಿರಲಿಲ್ಲ. ರೊಟ್ಟಿ ಮುರಿಯಲು ಬೆರಳು ಮಡಚುತ್ತಿರಲಿಲ್ಲ, ಅನ್ನ ಸೇರುತ್ತಿರಲಿಲ್ಲ. "ಬಾಯಿ ಕೆಟ್ಟೈತಿ, ಏನಾರ ಹುಳ್ಳಂದು, ಬಿಸಿದು ಕೊಡ" ಎಂದಳು. ಅತ್ತ ಬೆಣ್ಣೆಹಳ್ಳ ತುಂಬಿತ್ತು. ಹಳ್ಳ ತುಂಬಿದರೆ ನಮಗೆ ನರಗುಂದದ ದಾರಿ ಬಂದ್. ಮನೆಯಲ್ಲಿದ್ದುದರಲ್ಲೇ ಮಾಡಬೇಕಿತ್ತು. ಹಿತ್ತಲಲ್ಲಿ ಮೊಟ್ಟೆ ನಿಲ್ಲಿಸಿದ ಒಂದು ಜವಾರಿ ಹ್ಯಾಟೆ ಇತ್ತು, ಡಬ್ಬಿಯಲ್ಲಿ ಗವಲಿ, ಬುಟ್ಟಿಯಲ್ಲಿ ಲಿಂಬೆಹಣ್ಣು.

ಮನೆಗೆ ಬಂದಿದ್ದ ಸೋದರತ್ತೆಗೆ ಇದು ಸರಿ ಕಾಣಲಿಲ್ಲ. "ಮದವಿ ಪಾಯಸದ ಗವಲಿನ ಕೋಳಿ ಸಾರಿಗೆ ಹಾಕ್ತಾರೇನ ಯವ್ವಾ?" ಎಂದು ಬಾಗಿಲಲ್ಲೇ ನಿಂತಳು. ಹಾಸಿಗೆಯಲ್ಲಿದ್ದ ಅವ್ವನೇ ಉತ್ತರ ಕೊಟ್ಟಳು: "ಶ್ಯಾವಿಗಿ ಉಪ್ಪಿಟ್ಟಿಗೆ ಖಾರಾ ಹಾಕಂಗಿಲ್ಲೇನು? ಅದೂ ಅದ ಗೋದಿ, ಇದೂ ಅದ ಗೋದಿ." ಅತ್ತೆ ಸುಮ್ಮನಾದಳು. ಆಮೇಲೆ ಒಂದು ಬಟ್ಟಲು ತಾನೂ ಕುಡಿದಳು.

ಅವ್ವ ಹೇಳಿದ ಆ ಗೋಧಿಯ ಮಾತು ಎಷ್ಟು ನಿಜ ಎಂದು ನನಗೆ ಬರಬರುತ್ತ ತಿಳಿಯಿತು. ಇಟಲಿಯವರು ಪಾಸ್ತಾ ಮಾಡುವುದು ಡ್ಯೂರಮ್ ಗೋಧಿಯಿಂದ. ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿಗೆ, ಬರೀ ನೆಲದ ಹಸಿಯ ಮೇಲೆ ಬೆಳೆಯುತ್ತ ಬಂದ ಬನ್ಸಿ, ಬಿಜಗ ಎಲ್ಲೋ ತಳಿಗಳೂ ಡ್ಯೂರಮ್ ಜಾತಿಯವೇ. ಕಾಳು ಗಟ್ಟಿ, ಬಣ್ಣ ಹಳದಿ, ಬೀಸಿದರೆ ಹಿಟ್ಟಿಗಿಂತ ರವೆ ಹೆಚ್ಚು. ಅದಕ್ಕೇ ಈ ಗೋಧಿಯ ಶ್ಯಾವಿಗೆ, ಗವಲಿ, ಸವತಿಬೀಜ ಬಿಸಿನೀರಿಗೆ ಬಿದ್ದರೂ ಕರಗಿ ಗಂಜಿಯಾಗುವುದಿಲ್ಲ, ಹಲ್ಲಿಗೆ ಸಿಗುತ್ತವೆ. ಮೈದಾದಿಂದ ಮಾಡಿದ ಅಗ್ಗದ ಶ್ಯಾವಿಗೆ ಹಾಕಿದರೆ ಸಾರು ಅಂಟಂಟಾಗುತ್ತದೆ. ಅಂಗಡಿಯಿಂದ ಪಾಸ್ತಾ ತರುವವರು ಪೊಟ್ಟಣದ ಮೇಲೆ ಡ್ಯೂರಮ್ ಎಂದಿದೆಯೇ ನೋಡಿ ತರಲಿ. ಮನೆಯಲ್ಲಿ ಗವಲಿ ಇದ್ದವರು ಅದನ್ನೂ ತರುವುದು ಬೇಡ.

ಕೋಳಿಯ ವಿಚಾರದಲ್ಲಿ ನಾನು ಹಟ ಹಿಡಿಯುತ್ತೇನೆ. ಫಾರಂ ಕೋಳಿ ಒಂದೂವರೆ ತಿಂಗಳಲ್ಲಿ ತೂಕಕ್ಕೆ ಬರುವ ಎಳೆಯ ಹಕ್ಕಿ. ಮಾಂಸ ಬೇಗ ಬೇಯುತ್ತದೆ, ಸಾರಿಗೆ ಮಾತ್ರ ಸತ್ವ ಸಾಲುವುದಿಲ್ಲ. ಓಡಾಡಿ, ಕೆದರಿ ತಿಂದು ಬೆಳೆದ ಜವಾರಿ ಕೋಳಿ, ಅದರಲ್ಲೂ ವಯಸ್ಸಾದ ಹ್ಯಾಟೆ, ಬೇಯಲು ಹೊತ್ತು ತೆಗೆದುಕೊಂಡರೂ ಅದರ ಕೀಲು, ಚರ್ಮ, ಕಾಲುಗಳಲ್ಲಿರುವ ಕೊಲಾಜನ್ ಸಣ್ಣ ಉರಿಯಲ್ಲಿ ಕರಗಿ ಜಿಲಾಟಿನ್ ಆಗಿ ಸಾರಿಗಿಳಿಯುತ್ತದೆ. ಆ ಸಾರನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಬೆಳಿಗ್ಗೆ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಜವಾರಿ ಸಿಗದಿದ್ದರೆ ಗಿರಿರಾಜ ಆದೀತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕಲೆಂದೇ ರೂಪಿಸಿದ ತಳಿ ಅದು. ಫಾರಂ ಕೋಳಿಯೇ ಗತಿ ಎಂದಾದರೆ ಕಾಲು, ಕುತ್ತಿಗೆ, ರೆಕ್ಕೆ ಹೆಚ್ಚು ಹಾಕಿಸಿಕೊಳ್ಳಿ. ಅಂಗಡಿಯವರು ಅವನ್ನು ಹೆಚ್ಚುಕಮ್ಮಿ ಪುಕ್ಕಟೆಗೇ ಕೊಡುತ್ತಾರೆ.

ಒಂದು ಕಿಲೋ ಕೋಳಿಗೆ ಎರಡೂವರೆ ಲೀಟರ್ ತಣ್ಣೀರು. ಮಾಂಸವನ್ನು ಬಿಸಿನೀರಿಗೆ ಹಾಕಬಾರದು. ತಣ್ಣೀರಿನಿಂದಲೇ ನಿಧಾನ ಕಾಯಿಸಿದರೆ ಬೂದು ಬಣ್ಣದ ನೊರೆ ಮೇಲೇಳುತ್ತದೆ. ಒಲೆ ಬಿಟ್ಟು ಕದಲದೆ ಅದನ್ನು ಸೌಟಿನಿಂದ ತೆಗೆಯುತ್ತಲೇ ಇರಬೇಕು. ನೊರೆ ನಿಂತ ಮೇಲೆ ಇಡೀ ಈರುಳ್ಳಿ ಎರಡು, ಜಜ್ಜಿದ ಶುಂಠಿ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಹತ್ತು ಕಾಳು ಕರಿಮೆಣಸು, ಚಿಟಿಕೆ ಅರಿಶಿನ, ಕೊತ್ತಂಬರಿ ದಂಟು. ಒಣಕೊಬ್ಬರಿ, ಮಸಾಲೆ ಖಾರ ಏನೂ ಬೇಡ. ಅವು ರೊಟ್ಟಿಗೆ ಹಚ್ಚಿಕೊಳ್ಳುವ ಸಾರಿಗೆ. ಆಮೇಲೆ ಉರಿ ಇಳಿಸಿ, ಪಾತ್ರೆಯ ಅಂಚಿನಲ್ಲಿ ಮಾತ್ರ ಒಂದೊಂದು ಗುಳ್ಳೆ ಏಳುವ ಹಾಗೆ ಎರಡು ತಾಸು ಬಿಡಬೇಕು. ಕೊತಕೊತ ಕುದಿಸಿದರೆ ಕೊಬ್ಬು ನೀರಿನಲ್ಲಿ ಒಡೆದು ಬೆರೆತು ಸಾರು ರಾಡಿಯಾಗುತ್ತದೆ. ಕುಕ್ಕರ್ ಸೀಟಿ ಹಾಕಿಸಿದರೂ ಮಾಂಸವೇನೋ ಬೇಯುತ್ತದೆ, ಆದರೆ ನೊರೆ ತೆಗೆಯುವ ಅವಕಾಶವಿಲ್ಲ. ನಮ್ಮಲ್ಲಿ ಮಾಂಸದಡುಗೆಗೆ ಹಿತ್ತಲಲ್ಲೇ ಬೇರೆ ಒಲೆ ಇರುವುದರಿಂದ ಸೌದೆಯ ಕೆಂಡದ ಮೇಲಿಡುವುದು ಸುಲಭ. ಸೋಸಿ, ಮಾಂಸ ಬಿಡಿಸಿ ಎಳೆಎಳೆಯಾಗಿ ಸಾರಿಗೆ ಹಾಕುತ್ತೇನೆ. ಎಲುಬು ಕಡಿಯಲಾಗದ ರೋಗಿಗೂ ಮಕ್ಕಳಿಗೂ ಅದೇ ಹಿತ.

ಗವಲಿಯನ್ನು ಬೇರೆ ಪಾತ್ರೆಯಲ್ಲೇ ಬೇಯಿಸುವುದು. ಮೊದಲು ಅರ್ಧ ಚಮಚ ತುಪ್ಪದಲ್ಲಿ ಕೆಂಪಗೆ ಹುರಿದುಕೊಂಡರೆ ಒಂದಕ್ಕೊಂದು ಅಂಟುವುದಿಲ್ಲ, ಘಮವೂ ಬರುತ್ತದೆ. ಉಪ್ಪು ಹಾಕಿದ ಕುದಿನೀರಿನಲ್ಲಿ ಬೇಯಿಸಿ, ಬಸಿದು, ಉಣ್ಣುವವರು ಕೂತ ಮೇಲೆ ಬಟ್ಟಲಿಗೆ ಒಂದು ಹಿಡಿ ಹಾಕಿ ಮೇಲೆ ಸಾರು ಸುರಿಯಬೇಕು. ಪಾತ್ರೆಯ ಸಾರಿಗೇ ಹಾಕಿಟ್ಟರೆ ಗವಲಿ ಸಾರನ್ನೆಲ್ಲ ಹೀರಿ ಉಬ್ಬಿ, ರಾತ್ರಿಯ ಹೊತ್ತಿಗೆ ಕುಡಿಯಲು ಏನೂ ಉಳಿದಿರುವುದಿಲ್ಲ.

ಲಿಂಬೆಯದು ಎಲ್ಲಕ್ಕಿಂತ ಸೂಕ್ಷ್ಮ. ಒಲೆಯ ಮೇಲಿರುವ ಸಾರಿಗೆ ಹಿಂಡಿದರೆ ಹಣ್ಣಿನ ಕಂಪು ಆವಿಯಲ್ಲಿ ಹೋಗಿ ಬರೀ ಹುಳಿ ಉಳಿಯುತ್ತದೆ, ಕುದಿಸಿದರೆ ಕಹಿಯೂ ಏಳುತ್ತದೆ. ಬೀಜ ಬಿದ್ದಿದ್ದರಂತೂ ಕೇಳುವುದೇ ಬೇಡ. ಬಟ್ಟಲಿಗೆ ಬಡಿಸಿ, ಬಾಯಿಗಿಡುವಷ್ಟು ಆರಿದ ಮೇಲೆ ಅರ್ಧ ಹೋಳು ಹಿಂಡಬೇಕು. ಹುಳಿ ಬಿದ್ದೊಡನೆ ಉಪ್ಪು ಮುಂದೆ ಬರುತ್ತದೆ. ಅದಕ್ಕೇ ಉಪ್ಪನ್ನು ಮೊದಲು ತುಸು ಕಮ್ಮಿಯೇ ಹಾಕಿರುತ್ತೇನೆ. ಬಿಪಿ ಇರುವ ಹಿರಿಯರ ಮನೆಯಲ್ಲಿ ಇದು ದೊಡ್ಡ ಅನುಕೂಲ. ಹಣ್ಣು ವಿಜಯಪುರ ಜಿಲ್ಲೆಯ ಇಂಡಿ ಕಡೆಯದಾದರೆ ನನಗೆ ಖುಷಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಲಿಂಬೆ ತೆಳು ಸಿಪ್ಪೆಯದು, ರಸ ಹೆಚ್ಚು.

ಗ್ರೀಸ್ ದೇಶದವರು ಇಂಥದೇ ಸಾರಿಗೆ ಮೊಟ್ಟೆಯನ್ನೂ ಸೇರಿಸುತ್ತಾರೆ. ಅವ್ಗೊಲೆಮೊನೊ ಎಂದು ಅದಕ್ಕೆ ಹೆಸರು. ಎರಡು ಮೊಟ್ಟೆ, ಒಂದು ಲಿಂಬೆಯ ರಸ ಚೆನ್ನಾಗಿ ಕಡೆದು, ಅದಕ್ಕೆ ಬಿಸಿ ಸಾರನ್ನು ಒಂದೊಂದೇ ಸೌಟು ಬೆರೆಸಿ, ಕೊನೆಗೆ ಅದನ್ನು ಪಾತ್ರೆಗೆ ಹೊಯ್ಯುವುದು. ಆಮೇಲೆ ಕುದಿ ಬರಬಾರದು, ಬಂದರೆ ಮೊಟ್ಟೆ ಒಡೆಯುತ್ತದೆ. ಈ ಒಂದು ಬಗೆಯಲ್ಲಿ ಮಾತ್ರ ಲಿಂಬೆ ಪಾತ್ರೆಗೆ ಹೋಗುತ್ತದೆ. ಸಾರು ಹಾಲಿನಂತೆ ಮಂದವಾಗಿ, ಹೊಟ್ಟೆ ತುಂಬುವ ಹಾಗಾಗುತ್ತದೆ. ಅವ್ವ ಚೇತರಿಸಿಕೊಂಡ ಮೇಲೆ ಮಾಡಿಕೊಟ್ಟೆ, ಮೆಚ್ಚಿದಳು. ಆದರೆ ನಾಲಿಗೆ ಕೆಟ್ಟಿರುವಾಗ ತಿಳಿಸಾರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇದು ಔಷಧವೇ ಎಂದು ಕೇಳುವವರಿದ್ದಾರೆ. ಅಮೆರಿಕದ ನೆಬ್ರಾಸ್ಕಾದ ವೈದ್ಯ ಸ್ಟೀಫನ್ ರೆನಾರ್ಡ್ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉರಿಯೂತಕ್ಕೆ ಸಂಬಂಧಿಸಿದ ಒಂದು ಬಗೆಯ ಬಿಳಿ ರಕ್ತಕಣಗಳ ಓಡಾಟವನ್ನು ಕೋಳಿ ಸೂಪು ತಗ್ಗಿಸಿದ್ದು ಕಂಡಿತ್ತು. ಅದು ಪ್ರಯೋಗಾಲಯದಲ್ಲಿ ಕಂಡದ್ದು, ಮನುಷ್ಯರ ಮೇಲೆ ಪರೀಕ್ಷಿಸಿದ್ದಲ್ಲ. ಜ್ವರಕ್ಕೆ ಡಾಕ್ಟರ ಬಳಿಗೇ ಹೋಗಬೇಕು. ಆದರೆ ನೀರು, ಉಪ್ಪು, ಪ್ರೋಟೀನು, ಸ್ವಲ್ಪ ಗೋಧಿ, ಇಷ್ಟನ್ನು ಊಟ ಒಲ್ಲದ ಬಾಯಿ ತಾನಾಗಿ ಕೇಳಿ ಕುಡಿಯುತ್ತದೆಂದರೆ ಆರೈಕೆ ಮಾಡುವವರಿಗೆ ಅದಕ್ಕಿಂತ ದೊಡ್ಡ ನೆರವು ಬೇರೆ ಏನಿದೆ?

ಶ್ರಾವಣದಲ್ಲಿ ನಮ್ಮಲ್ಲಿ ಮಾಂಸದ ಒಲೆ ಹಚ್ಚುವುದಿಲ್ಲ, ಜ್ವರಗಳು ಮಾತ್ರ ಆ ತಿಂಗಳಲ್ಲೇ ಹೆಚ್ಚು. ಆಗ ಕೋಳಿಯ ಜಾಗಕ್ಕೆ ಹೆಸರುಬೇಳೆ ಬರುತ್ತದೆ. ಮುಂಗಾರಿ ಹೆಸರು ನಮ್ಮ ಎರೆ ಹೊಲದ್ದೇ ಬೆಳೆ. ಬೇಳೆ ಮೆತ್ತಗೆ ಬೇಯಿಸಿ, ಕಟ್ಟು ಬಸಿದು, ಶುಂಠಿ, ಮೆಣಸು, ತುಪ್ಪದಲ್ಲಿ ಜೀರಿಗೆ ಒಗ್ಗರಣೆ. ಗವಲಿ ಬಟ್ಟಲಿಗೆ, ಲಿಂಬೆ ಕಡೆಗೆ. ಇದಕ್ಕೆ ಎರಡು ತಾಸು ಬೇಕಿಲ್ಲ, ಮುಕ್ಕಾಲು ತಾಸು ಸಾಕು. ಅತ್ತೆ ತನ್ನ ಊರಲ್ಲಿ ಈಗ ಇದನ್ನೇ ಮಾಡುತ್ತಾಳೆ, ಗವಲಿ ಡಬ್ಬಿಯನ್ನು ಪಾಯಸಕ್ಕೊಂದು, ಸಾರಿಗೊಂದು ಎಂದು ಎರಡು ಮಾಡಿಟ್ಟಿದ್ದಾಳೆ.