ಫೋನ್ ಸಿಗುವವರೆಗೆ

ಯುದ್ಧ ವರದಿಗಾರ ಎಂದ ಕೂಡಲೇ ಗುಂಡಿನ ಮಳೆಯಲ್ಲಿ ಮೈಕ್ ಹಿಡಿದು ನಿಂತವನೇ ಜನರ ಕಣ್ಣಿಗೆ ಬರುತ್ತಾನೆ. 1999ರ ಬೇಸಿಗೆಯಲ್ಲಿ ರೇಡಿಯೊ ಸುದ್ದಿಗಾಗಿ ಕಾರ್ಗಿಲ್ ಕಡೆ ಹೋದ ನನಗೆ ಹೆಚ್ಚು ಹೊತ್ತು ಹಿಡಿದದ್ದು ಫೋನ್ ಹುಡುಕುವ ಕೆಲಸ. ದ್ರಾಸ್‌ನಲ್ಲಿ ಕಂಡದ್ದನ್ನು ಹೇಳಲು ಸುಮಾರು 60 ಕಿಲೋಮೀಟರ್ ಆಚೆಯ ಕಾರ್ಗಿಲ್ ಪೇಟೆಗೆ ಬರಬೇಕು. ಆ ಹೆದ್ದಾರಿಯೋ, ಮೇಲೆ ಶಿಖರಗಳಲ್ಲಿ ಕೂತಿದ್ದ ಪಾಕಿಸ್ತಾನಿ ಪಡೆಗಳ ಕಣ್ಣೆದುರಿಗೇ ಇತ್ತು. ರಾತ್ರಿ ಹೆಡ್‌ಲೈಟ್ ಹಾಕುವಂತಿರಲಿಲ್ಲ. ಚಾಲಕ ಕತ್ತು ಹೊರಗೆ ಚಾಚಿ ರಸ್ತೆಯ ಅಂಚು ನೋಡಿಕೊಂಡೇ ಜೀಪು ಬಿಡುತ್ತಿದ್ದ.

ಈ ತಡವನ್ನು ಆಗ ಎಷ್ಟು ಶಪಿಸಿದೆನೋ! ಈಗ ಅನ್ನಿಸುತ್ತದೆ, ನನಗೆ ಸಿಕ್ಕ ಕಟ್ಟುನಿಟ್ಟಿನ ಸಂಪಾದಕ ಆ ರಸ್ತೆಯೇ. ಜುಲೈ 4ರಂದು ಟೈಗರ್ ಹಿಲ್ ನಮ್ಮದಾಯಿತು ಎಂಬ ಸುದ್ದಿ ಬಂತು. ಹಿಂದಿನ ರಾತ್ರಿಯಿಡೀ ಬೊಫೋರ್ಸ್ ಫಿರಂಗಿಗಳು ಬೆಟ್ಟವನ್ನು ಬಡಿದಿದ್ದವು. ಎಲ್ಲರ ಮುಖದಲ್ಲೂ ಗೆಲುವು. ಬಾಯಿಗೆ ಬಂದದ್ದನ್ನು ಅಲ್ಲೇ ಹೇಳುವ ಸೌಕರ್ಯವಿದ್ದಿದ್ದರೆ ಕಾಳಗ ಮುಗಿಯಿತು ಎಂದುಬಿಡುತ್ತಿದ್ದೆನೇನೋ. ಫೋನ್ ಸಿಗುವಷ್ಟರಲ್ಲಿ ಟಿಪ್ಪಣಿಯಲ್ಲಿ ಸೇನೆ ಹೇಳಿದ್ದು ಒಂದು ಕಡೆ, ನಾನು ಕಂಡದ್ದು ಇನ್ನೊಂದು ಕಡೆ ಆಗಿತ್ತು: ತುದಿ ಕೈವಶವಾಗಿದೆ ಎನ್ನುತ್ತಿದೆ ಸೇನೆ, ಕೆಳಗೆ ನಿಂತವರಿಗೆ ಶೆಲ್‌ಗಳ ಸದ್ದು ಇನ್ನೂ ಕೇಳುತ್ತಿದೆ. ಅಷ್ಟನ್ನೇ ಓದಿದೆ. ಪ್ರತಿದಾಳಿಗಳನ್ನು ಹಿಮ್ಮೆಟ್ಟಿಸಿ ಬೆಟ್ಟ ಪೂರ್ತಿ ಭದ್ರವಾದದ್ದು 8ರ ಹೊತ್ತಿಗೆ.

ಇನ್ನು ಸದ್ದಿನ ವಿಚಾರ. 155 ಮಿಲಿಮೀಟರ್ ಫಿರಂಗಿಯ ಪಕ್ಕದಲ್ಲೇ ರೆಕಾರ್ಡರ್ ಇಟ್ಟರೆ ಕ್ಯಾಸೆಟ್‌ನಲ್ಲಿ ಉಳಿಯುವುದು ತಗಡು ಹರಿದಂಥ ಒಂದು ಕರ್ರ್. ಕೇಳುವವನಿಗೆ ಅದು ಫಿರಂಗಿಯೆಂದು ಗೊತ್ತಾಗುವುದೂ ಇಲ್ಲ. ಲೆವೆಲ್ ಇಳಿಸಿ, ದೂರ ಸರಿದು, ಮೈಕನ್ನು ಜೀಪಿನೊಳಗೆ ಕಂಬಳಿಯ ಮರೆಯಲ್ಲಿಟ್ಟಾಗ ಕಣಿವೆ ಮಾತಾಡತೊಡಗಿತು: ಹಾರಿಸುವ ಮೊದಲಿನ ಕೂಗು, ಗುಡುಗು, ಆಮೇಲೆ ಒಂದಾದ ಮೇಲೊಂದು ಬೆಟ್ಟದಿಂದ ಮರಳುವ ಪ್ರತಿಧ್ವನಿ. ಚಳಿಗೆ ಬ್ಯಾಟರಿ ಬೇಗ ಸೊರಗುತ್ತದೆ, ಸ್ವೆಟರಿನ ಒಳಗೇ ಇರಬೇಕು. ಇದನ್ನೆಲ್ಲ ನನಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಲೈನ್ ಸಿಕ್ಕೊಡನೆ ಡೆಸ್ಕಿನಿಂದ ಬರುತ್ತಿದ್ದ ಮೊದಲ ಪ್ರಶ್ನೆ, "ನಮ್ಮ ಕಡೆಯವರು ಯಾರಾದರೂ ಸಿಕ್ಕಿದರೇನ್ರೀ?" ದೆಹಲಿಯ ಸಹೋದ್ಯೋಗಿಗಳು ಇದಕ್ಕೆ ಮೂಗು ಮುರಿಯುತ್ತಿದ್ದರು. ನನಗೆ ಅದು ಸಣ್ಣತನವೆನಿಸಲಿಲ್ಲ. ಜೂನ್ 13ರಂದು ತೋಲೋಲಿಂಗ್ ಗೆದ್ದ 2 ರಜಪುತಾನಾ ರೈಫಲ್ಸ್‌ನ ಮುಂದಾಳು ಎಂ.ಬಿ. ರವೀಂದ್ರನಾಥ್ ಕನ್ನಡಿಗರು ಎಂದು ಗೊತ್ತಾದರೆ, ಹೆಸರೇ ಕೇಳಿರದ ಆ ಬೆಟ್ಟ ದಾವಣಗೆರೆಯವರಿಗೂ ಹತ್ತಿರವಾಗುತ್ತದಲ್ಲ! ತಕರಾರು ಬರುತ್ತಿದ್ದದ್ದು ಗಾಯಗೊಂಡವರ, ಸತ್ತವರ ವಿಷಯದಲ್ಲಿ. ಊರು, ಪಡೆ, ದರ್ಜೆ ಮೂರೂ ಹೇಳಿದರೆ ಹೆಸರು ಬಿಟ್ಟರೂ ಮನೆಯವರಿಗೆ ಗೊತ್ತಾಗಿಬಿಡುತ್ತದೆ. ಹೀಗಾಗಿ ಸೇನೆಯಿಂದ ಮನೆಗೆ ಸುದ್ದಿ ತಲುಪಿದ್ದು ಖಾತ್ರಿಯಾಗದೆ ನಾನು ಜಿಲ್ಲೆಯನ್ನೂ ಹೇಳುತ್ತಿರಲಿಲ್ಲ. "ಬೆಳಿಗ್ಗೆ ಪೇಪರಿನಲ್ಲಿ ಬಂದುಬಿಡುತ್ತೆ ಸ್ವಾಮೀ" ಎಂದು ಡೆಸ್ಕಿನವರು ಗೊಣಗುತ್ತಿದ್ದರು. "ಬರಲಿ ಬಿಡಿ" ಎಂದು ಮುಂದಿನ ಪ್ಯಾರಾ ಓದುತ್ತಿದ್ದೆ. ಹಿಂದೆ ಫೋನಿಗಾಗಿ ಕಾಯುತ್ತಿದ್ದವರು ಆಗಲೇ ಬೆನ್ನು ತಟ್ಟಲು ಶುರುಮಾಡಿರುತ್ತಿದ್ದರು.