ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಸರಿಯಾದ ಈಡನ್ನು ಗೊತ್ತುಮಾಡುವ ಕ್ರಮ

ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಬಿಳಿಬಾಲದ ಜಿಂಕೆಗಳನ್ನು ನಿಯಮಿತ ಕಾಲಗಳಲ್ಲಿ ಮಾತ್ರ ಪರವಾನಗಿ ಪಡೆದು ಬೇಟೆಯಾಡಬಹುದು. 1974ರಿಂದ ಅಲ್ಲಿ ಚಕಮಕಿ ಬಂದೂಕಿಗೆಂದೇ ಪ್ರತ್ಯೇಕವಾದ ಕಾಲವೊಂದು ಗೊತ್ತಾಗಿದೆ. ಒಂಟಿ ನಳಿಗೆಯ ಇಂಥ ಬಂದೂಕಿನಲ್ಲಿ ಒಂದು ಸಾರಿಗೆ ಒಂದೇ ಗುಂಡು. ಏಟು ಓರೆಯಾದರೆ ಮೃಗವು ಗಾಯಗೊಂಡು ಕಾಡು ಸೇರಿ ನರಳಿ ಸಾಯುವುದು. ಆದುದರಿಂದ ಅಲ್ಲಿನ ಬಲ್ಲ ಬೇಟೆಗಾರರು ಕಾಡಿಗೆ ಹೋಗುವ ಮೊದಲೇ ತಮ್ಮ ಬಂದೂಕಿನ ಈಡನ್ನು ಪರೀಕ್ಷಿಸಿಕೊಳ್ಳುತ್ತಾರೆ.

1. ಮದ್ದು.— ಹೆಚ್ಚು ಮದ್ದು ಹಾಕಿದರೆ ಗುರಿ ಉತ್ತಮವಾಗುವುದೆಂಬ ನಂಬಿಕೆಯು ತಪ್ಪು. ಪ್ರತಿಯೊಂದು ನಳಿಗೆಗೂ ಒಗ್ಗುವ ಪ್ರಮಾಣವು ಬೇರೆಯಾಗಿರುತ್ತದೆ. ಪೆಟ್ಲುಪ್ಪು 75, ಇದ್ದಲು 15, ಗಂಧಕ 10 ಪಾಲು ಸೇರಿದ ಕರಿಮದ್ದೇ ಇದಕ್ಕೆ ತಕ್ಕದ್ದು. ತೋಟೆಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನು ಎಂದಿಗೂ ಹಾಕಕೂಡದು, ನಳಿಗೆಯು ಸಿಡಿಯುವುದು.

2. ಗುಂಡು.— ಅರ್ಧ ಅಂಗುಲದ ನಳಿಗೆಗೆ 0.49 ಅಂಗುಲದ, ಸುಮಾರು 177 ಗ್ರೇನು ತೂಕದ ಮೆತು ಸೀಸದ ಗುಂಡನ್ನು ಉಪಯೋಗಿಸುವರು. ಉಳಿದ ಸಂದನ್ನು ಕೊಬ್ಬು ಸವರಿದ ಹತ್ತಿಬಟ್ಟೆಯ ತುಂಡು ತುಂಬುತ್ತದೆ. ಗುಂಡು ಮದ್ದಿನ ಮೇಲೆ ಅಂಟಿ ಕೂರಬೇಕು. ನಡುವೆ ತೆರಪು ಉಳಿದರೆ ನಳಿಗೆಯು ಒಡೆಯಬಹುದು. ಜಡಿಯುವ ಕೋಲಿನ ಮೇಲೆ ಗುರುತು ಮಾಡಿಟ್ಟರೆ ಈ ತಪ್ಪೂ, ಎರಡು ಸಾರಿ ತುಂಬುವ ತಪ್ಪೂ ಕೂಡಲೆ ತಿಳಿದುಬರುತ್ತವೆ.

3. ಪರೀಕ್ಷೆ.— ಬಂದೂಕನ್ನು ಮರಳುಚೀಲದ ಮೇಲೆ ಊರಿ, ಹಿಂದೆ ಮಣ್ಣಿನ ದಿಬ್ಬವಿರುವ ಕಡೆ 50 ಗಜ ದೂರದಲ್ಲಿ ಗುರಿಹಲಗೆಯನ್ನು ನಿಲ್ಲಿಸಬೇಕು. 50 ಗ್ರೇನಿನಿಂದ ಆರಂಭಿಸಿ, ಒಂದೊಂದು ಪ್ರಮಾಣಕ್ಕೂ ಮೂರು ಗುಂಡು ಹಾರಿಸಿ, ಐದೈದು ಗ್ರೇನು ಏರಿಸುತ್ತ ಹೋಗಬೇಕು. ಬಂದೂಕು ಮಾಡಿದವರು ಗೊತ್ತುಪಡಿಸಿದ ಮಿತಿಯನ್ನು ಮೀರಕೂಡದು. ಮದ್ದನ್ನು ಬುರುಡೆಯಿಂದ ನೇರವಾಗಿ ಸುರಿಯದೆ ಅಳತೆಯ ಕೊಳವೆಯಿಂದಲೇ ಹಾಕಬೇಕು. ಪ್ರತಿ ಈಡಿನ ತರುವಾಯ ನಳಿಗೆಯನ್ನು ಒದ್ದೆಬಟ್ಟೆಯಿಂದಲೂ ಬಳಿಕ ಒಣಬಟ್ಟೆಯಿಂದಲೂ ಒರಸಬೇಕು. ಇದರಿಂದ ಕಿಟ್ಟವೂ ಒಳಗೆ ಉಳಿದ ಕಿಡಿಯೂ ಹೋಗುತ್ತವೆ. ಹಾರಿಬಿದ್ದ ಬಟ್ಟೆಯ ತುಂಡು ಸುಟ್ಟೋ ಹರಿದೋ ಇದ್ದರೆ ದಪ್ಪಬಟ್ಟೆಯನ್ನೋ ಹೆಚ್ಚು ಕೊಬ್ಬನ್ನೋ ಉಪಯೋಗಿಸಬೇಕು. ಮೂರು ಗುಂಡುಗಳೂ ಅತಿ ಹತ್ತಿರ ಬಿದ್ದ ಪ್ರಮಾಣವನ್ನು ಬರೆದಿಟ್ಟು, ಅದನ್ನೇ 100 ಗಜದಲ್ಲಿ ಪುನಃ ಪರೀಕ್ಷಿಸಬೇಕು.

4. ದೂರದ ಮಿತಿ.— ಉರುಟು ಗುಂಡು ಗಾಳಿಯಲ್ಲಿ ಬೇಗನೆ ವೇಗವನ್ನು ಕಳೆದುಕೊಳ್ಳುತ್ತದೆ. 100 ಗಜಕ್ಕೆ ಮುಟ್ಟುವಾಗ ಅದರ ಬಲದಲ್ಲಿ ಅರ್ಧವೂ ಉಳಿಯುವುದಿಲ್ಲ. 100 ಗಜಕ್ಕೆ ಗುರಿ ಹೊಂದಿಸಿದ ಬಂದೂಕಿನ ಗುಂಡು 150 ಗಜದಲ್ಲಿ ಸುಮಾರು ಒಂದು ಅಡಿ ಕೆಳಗೆ ಬೀಳುವುದು. ಜಿಂಕೆಯ ಮರ್ಮಸ್ಥಾನವಾದರೋ ಸುಮಾರು 8 ಅಂಗುಲ ಅಗಲ ಮಾತ್ರ. ಉದ್ದನೆಯ ಭಾರವಾದ ಗುಂಡು ತನ್ನ ಬಲವನ್ನು ಹೆಚ್ಚು ದೂರ ಉಳಿಸಿಕೊಳ್ಳುವುದಾದರೂ ಅದಕ್ಕೆ ಬಿಗಿಯಾದ ತಿರುಚುಗೆರೆಯುಳ್ಳ ನಳಿಗೆಯೇ ಬೇಕು. ಹಲಗೆಯ ಮೇಲೆ ಎಷ್ಟು ದೂರದವರೆಗೆ ಮೂರು ಗುಂಡುಗಳೂ ಆ 8 ಅಂಗುಲದೊಳಗೆ ತಪ್ಪದೆ ಬೀಳುವುವೋ, ಗುಂಡಿಗೆ ಬಲವೂ ಉಳಿದಿರುವುದೋ, ಬೇಟೆಗಾರನ ಮಿತಿಯು ಅಷ್ಟೇ. ಅದಕ್ಕಿಂತ ದೂರದ ಮೃಗವನ್ನು ಬಿಟ್ಟುಬಿಡುವುದೇ ಧರ್ಮ.

ಎಚ್ಚರಿಕೆ.— ಭಾರತದಲ್ಲಿ ಜಿಂಕೆ, ಕಡವೆ ಮುಂತಾದವುಗಳ ಬೇಟೆಯು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ಶಿಕ್ಷಾರ್ಹವಾದ ಅಪರಾಧ. ಬೆಳೆಯ ರಕ್ಷಣೆಗಾಗಿ ಲೈಸೆನ್ಸು ಪಡೆದು ಕೇಪಿನ ಕೋವಿಯನ್ನು ಇಟ್ಟುಕೊಂಡಿರುವ ಗೃಹಸ್ಥರು ಇದನ್ನು ಮರೆಯಕೂಡದು. ಮದ್ದನ್ನು ಅಳೆಯದೆ ಕೈಯಂದಾಜಿನಿಂದ ಸುರಿಯುವ ವಾಡಿಕೆಯನ್ನು ಬಿಡುವುದು ಅವರ ಕೈಗೂ ಕಣ್ಣಿಗೂ ಕ್ಷೇಮಕರ.