ಒಬ್ಬಟ್ಟಿನ ಅರ್ಧ ಕೆಲಸ ಹಿಂದಿನ ರಾತ್ರಿಯೇ

ಕಚೇರಿಗೆ ಹೋಗಿಬರುವ ನಿಮಗೆ ಯುಗಾದಿಗೆ ಹತ್ತು ಜನರ ಒಬ್ಬಟ್ಟು ಭಾರವೆನಿಸುವುದು ಸಹಜ. ಎಲ್ಲವನ್ನೂ ಹಬ್ಬದ ಬೆಳಿಗ್ಗೆಗೇ ಇಟ್ಟುಕೊಳ್ಳಬೇಡಿ. ಹಿಂದಿನ ರಾತ್ರಿ ತೊಗರಿಬೇಳೆಯನ್ನು ಕುಕ್ಕರಿನಲ್ಲಲ್ಲ, ತೆರೆದ ಪಾತ್ರೆಯಲ್ಲೇ ಬೇಯಿಸಿ. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಕರಗಬಾರದು. ಕಟ್ಟು ಪೂರ್ತಿ ಬಸಿದು, ಬೆಲ್ಲ ಹಾಕಿ ಗಟ್ಟಿಯಾಗುವ ತನಕ ಮಗುಚಿ, ರುಬ್ಬಿ. ತಣಿದ ಮೇಲೆ ಹೂರಣ, ಕಟ್ಟು ಎರಡನ್ನೂ ಫ್ರಿಜ್ಜಿನಲ್ಲಿಡಿ. ಹೂರಣ ನೀರಾಯಿತೋ, ತಟ್ಟುವಾಗ ಕಣಕ ಹರಿದು ಅಡುಗೆಮನೆಯಲ್ಲಿ ಜಗಳ ಗ್ಯಾರಂಟಿ! ಕಣಕ ಬೆಳಿಗ್ಗೆ ಕಲಸಿ, ಎಣ್ಣೆಯಲ್ಲಿ ಎರಡು ಗಂಟೆ ನೆನೆಯಲಿ. ಕಟ್ಟಿಗೆ ಹಿಡಿ ಹೂರಣ, ಹುಣಸೆರಸ, ಸಾರಿನಪುಡಿ ಬಿದ್ದರೆ ಒಬ್ಬಟ್ಟಿನ ಸಾರು. ಮರುದಿನ ಅದಕ್ಕೆ ಇನ್ನೂ ರುಚಿ; ಕಚೇರಿಯಿಂದ ಬಂದು ಅನ್ನವೊಂದಿಟ್ಟರೆ ಸಾಕು. ಹಬ್ಬದ ದಿನದ ಕೋಸಂಬರಿ, ಪಲ್ಯ ಮನೆಯ ಬೇರೆಯವರಿಗೆ ಒಪ್ಪಿಸಿ. ಪಾಯಸ ಬೇಡವೇ ಬೇಡ, ಒಬ್ಬಟ್ಟಿರುವ ಎಲೆಗೆ ಒಂದು ಸಿಹಿ ಧಾರಾಳ.